ಎರಡು ಕೈಗಳ ರೇಡಿಯೋ

ಮಾರ್ಚ್ 3

ಅಪ್ಪನಿಗೆ,

ನೀವು ಅಷ್ಟು ದೂರದ ಆಸ್ಪತ್ರೆ ಸೇರಿದ ಮೇಲೆ ಇದು ನನ್ನ ಮೊದಲ ಕಾಗದ. ಅದಕ್ಕೆ ಮುಂಚೆ ನಾನೂ ಬರೆದವಳಲ್ಲ, ನೀವೂ ಬರೆದವರಲ್ಲ, ಹಾಗಾಗಿ ಯಾರೂ ಯಾರನ್ನೂ ದೂರುವ ಹಾಗಿಲ್ಲ. ಕ್ಷೇಮವೇ ಎಂದು ಕೇಳುವುದು ರೂಢಿ. ನಿಮ್ಮ ಎದೆಯ ಸಮಾಚಾರವನ್ನು ಡಾಕ್ಟರೇ ನನಗೆ ಬರೆದು ತಿಳಿಸಿದ್ದಾರೆ, ಅದನ್ನು ನಿಮ್ಮ ಬಾಯಿಂದ ಇನ್ನೊಮ್ಮೆ ಹೇಳಿಸುವುದು ಬೇಡ.

ವಿಷಯ ಇಷ್ಟು. ನಿಮ್ಮ ರಿಪೇರಿ ಅಂಗಡಿ ಖಾಲಿ ಮಾಡಬೇಕಂತೆ. ಕಟ್ಟಡದ ಯಜಮಾನರು ನಮ್ಮ ಶರ್ಟ್ ಕಾರ್ಖಾನೆಯ ಗೇಟಿಗೇ ಬಂದು, "ನಿಮ್ಮಪ್ಪ ವಾಪಸ್ ಬರೋ ಹಾಗೆ ಕಾಣಲ್ಲಮ್ಮ, ಸಾಮಾನು ತೆಗೆಸಿಬಿಡು" ಅಂದರು. ಕೆಟ್ಟವರಲ್ಲ, ಹೇಳುವಾಗ ನೆಲ ನೋಡುತ್ತಿದ್ದರು. ಭಾನುವಾರ ಹೋಗಿ ಬಾಗಿಲು ತೆಗೆಸಿದೆ. ಚಿಲ್ಲರೆ ಸಾಮಾನನ್ನೆಲ್ಲ ಪಕ್ಕದ ಗಡಿಯಾರದ ರಿಪೇರಿಯವರು ಇಟ್ಟುಕೊಳ್ಳುತ್ತಾರೆ. ಹಿಂದಿನ ಕೋಣೆಯಲ್ಲಿ ಟಾರ್ಪಾಲಿನ ಕೆಳಗೆ ನನ್ನ ಸೊಂಟದೆತ್ತರದ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಬಟ್ಟೆ ಇಡುವ ಬೀರು ಅಂದುಕೊಂಡೆ. ಜೊತೆಗೆ ಬಂದಿದ್ದ ನಮ್ಮ ವಠಾರದ ಬಡಗಿ ಮುಚ್ಚಳ ಎತ್ತಿ ನೋಡಿ, "ಇದು ಬೀರು ಅಲ್ಲ ತಂಗೀ, ರೇಡಿಯೋ. ಮೇಲೆ ಗ್ರಾಮಾಫೋನೂ ಇದೆ" ಅಂದ.

ಹೆಸರಿನ ಪಟ್ಟಿ ಇಲ್ಲ, ಅದು ಇದ್ದ ಕಡೆ ಎರಡು ಮೊಳೆ ತೂತು ಮಾತ್ರ. ಒಂದು ಕಾಲು ಮುರಿದಿದೆ. ಗುಜರಿಯವನು ತೂಕಕ್ಕೆ ಕೊಡಿ ಅನ್ನುತ್ತಿದ್ದಾನೆ. ಕೊಡಲೋ ಬೇಡವೋ ತಿಳಿಸಿ.

ಇಂತಿ,
ನಿಮ್ಮ ಮಗಳು


ಮಾರ್ಚ್ 12

ಗುಬ್ಬಿ,

ಗುಜರಿಯವನು ಆ ಪೆಟ್ಟಿಗೆಯ ಹತ್ತಿರ ಸುಳಿದರೆ ಅದರ ಮುರಿದ ಕಾಲನ್ನೇ ತೆಗೆದುಕೊಂಡು ಎರಡು ಬಿಡು.

ನಿನ್ನ ಅಕ್ಷರ ಇಷ್ಟು ಚೆನ್ನಾಗಿದೆ ಎಂದು ಗೊತ್ತಿರಲಿಲ್ಲ. ನಿನ್ನನ್ನು ನನ್ನ ಅಕ್ಕನ ಮನೆಯಲ್ಲಿ ಬಿಟ್ಟಾಗ ನೀನು ಅ ಆ ಬರೆಯುತ್ತಿರಲಿಲ್ಲ, ಆಮೇಲೆ ನಾನು ನೋಡಿದವನಲ್ಲ. ಇರಲಿ.

ನನ್ನ ಹತ್ತಿರ ಅಂಥ ಪೆಟ್ಟಿಗೆ ಎರಡಿದ್ದವು. ಒಂದು ನಿಜವಾಗಿಯೂ ಗುಜರಿ, ಇನ್ನೊಂದು ಅಲ್ಲ. ಯಾವುದು ನಿನ್ನ ಕೈಗೆ ಸಿಕ್ಕಿದೆ ಎಂದು ಮೊದಲು ಗುರುತು ಹಿಡಿಯಬೇಕು. ಹೆಸರಿನ ಪಟ್ಟಿಗೆ ತಲೆ ಕೆಡಿಸಿಕೊಳ್ಳಬೇಡ, ಪಟ್ಟಿಯನ್ನು ಯಾರು ಬೇಕಾದರೂ ಹೊಡೆಯಬಹುದು. ಹಿಂದಿನ ಹಲಗೆ ಬಿಚ್ಚಿ ಒಳಗೆ ನೋಡು. ರೇಡಿಯೋವನ್ನು ಮುಂದಿನಿಂದ ನೋಡುವವನು ಗಿರಾಕಿ, ಹಿಂದಿನಿಂದ ನೋಡುವವನು ರಿಪೇರಿಯವನು. ನಾನು ಎಡ ಅಂದರೆ ಹಿಂದೆ ಕೂತವನ ಎಡ, ಬಲ ಅಂದರೆ ಹಿಂದೆ ಕೂತವನ ಬಲ. ಇದನ್ನು ಮರೆತರೆ ಕೆಲಸ ಕೆಟ್ಟಿತು.

ಗಾಜಿನ ವಾಲ್ವುಗಳು ಎಷ್ಟಿವೆ? ಅವುಗಳಲ್ಲಿ ಒಂದು ಎಲ್ಲರಂತೆ ನಿಂತಿರದೆ ಡಯಲಿನ ಕಡೆ ಮಲಗಿದೆಯೇ? ಮೇಲೆ ಪ್ಲೇಟು ತಿರುಗುವ ಜಾಗದಲ್ಲಿ ಮುಳ್ಳಿನ ಕೈ ಒಂದಿದೆಯೋ, ಎರಡಿವೆಯೋ? ರೆಕಾರ್ಡು ಇಡುವ ಸಂದಿನಲ್ಲಿ ಏನಾದರೂ ಇದೆಯೇ? ಇದ್ದರೆ ಬಟ್ಟೆಯಲ್ಲಿ ಸುತ್ತಿರುತ್ತದೆ. ಬಿಚ್ಚಬೇಡ.

ಅಪ್ಪ


ಮಾರ್ಚ್ 20

ಅಪ್ಪನಿಗೆ,

ಬಿಚ್ಚಬೇಡ ಎಂದು ಬರೆಯುವಷ್ಟರಲ್ಲಿ ನಾನು ಬಿಚ್ಚಿಯಾಗಿತ್ತು.

ವಾಲ್ವುಗಳು ಎಂಟು. ಒಂದು ಮಲಗಿದೆ, ಅದರ ತುದಿ ಮುಂದಿನ ಗುಂಡಗಿನ ಕಿಂಡಿಯಿಂದ ಕಾಣುತ್ತದೆ. ಮುಳ್ಳಿನ ಕೈಗಳು ಎರಡು, ಪ್ಲೇಟಿನ ಆ ಕಡೆ ಒಂದು, ಈ ಕಡೆ ಒಂದು, ಎರಡೂ ಕಂದು ಬಣ್ಣದವು, ಅವಳಿ ಮಕ್ಕಳ ಹಾಗಿವೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದೇ?

ಸಂದಿನಲ್ಲಿ ಒಂದೇ ಒಂದು ರೆಕಾರ್ಡಿತ್ತು. ಅಂಗಡಿಯಲ್ಲಿ ಸಿಗುವಂಥದ್ದಲ್ಲ, ನಡುವೆ ಕಾಗದದ ಚೀಟಿಯಿಲ್ಲ. ಅಂಚಿನಲ್ಲಿ ಕಪ್ಪು ಎದ್ದ ಕಡೆ ಕೆಳಗೆ ಅಲ್ಯೂಮಿನಿಯಂ ಕಾಣುತ್ತದೆ. ಒಂದು ಮಗ್ಗುಲಲ್ಲಿ ಗೆರೆಗಳಿವೆ, ಇನ್ನೊಂದು ಮಗ್ಗುಲು ನುಣ್ಣಗಿದೆ. ಸುತ್ತಿದ್ದ ಬಟ್ಟೆ ಮಗುವಿನ ಮೆತ್ತನೆ ಹೊದಿಕೆ. ಅಂಚನ್ನು ಯಾರೋ ಕೈಯಲ್ಲೇ ಹೊಲಿದಿದ್ದಾರೆ. ಬದುಕೆಲ್ಲ ಹೊಲಿಗೆ ಹಾಕಿದವಳು ನಾನು, ಇಷ್ಟು ಸಣ್ಣ ಹೊಲಿಗೆ ನನ್ನ ಕೈಯಲ್ಲಿ ಬರುವುದಿಲ್ಲ. ಯಾರದು ಇದು?

ನಿಮ್ಮ ಮಗಳು


ಮಾರ್ಚ್ 29

ಗುಬ್ಬಿ,

ಅದೇ ಪೆಟ್ಟಿಗೆ. ಎರಡು ಕೈ ಇದ್ದುದು ಅದಕ್ಕೆ ಮಾತ್ರ. ಮುಚ್ಚಿಹೋದ ಒಂದು ಹೋಟೆಲಿನವರಿಂದ ಕೊಂಡಿದ್ದೆ. ಒಂದು ಕೈ ರೆಕಾರ್ಡನ್ನು ಕೇಳಿಸುತ್ತದೆ. ಇನ್ನೊಂದು ಕೈ ರೆಕಾರ್ಡನ್ನು ಮಾಡುತ್ತದೆ. ಮೈಕಿನಲ್ಲಿ ಮಾತಾಡಿದರೆ ಖಾಲಿ ಪ್ಲೇಟಿನ ಮೇಲೆ ಅದು ಗೆರೆ ಕೊರೆಯುತ್ತದೆ. ಈಗ ಅಂಥದ್ದನ್ನು ಯಾರೂ ಮಾಡುವುದಿಲ್ಲ, ಆಗಲೂ ಬಹಳ ಜನ ಮಾಡಲಿಲ್ಲ.

ಆ ಪ್ಲೇಟಿನಲ್ಲಿ ನಿನ್ನ ಅಮ್ಮ ಇದ್ದಾಳೆ. ನಿನಗೆ ಆಗ ಎಂಟು ತಿಂಗಳು. ಹೊದಿಕೆ ನಿನ್ನದು, ಹೊಲಿಗೆ ಅವಳದು. ಎರಡನೇ ಮಗ್ಗುಲನ್ನು ಇನ್ನೊಂದು ದಿನಕ್ಕೆಂದು ಬಿಟ್ಟೆವು. ಆಮೇಲೆ ಅವಳಿಗೆ ಜ್ವರ ಬಂತು, ಮುಂದಿನದು ನಿನಗೆ ಗೊತ್ತು.

ಅವಳು ಹೋದ ಮೇಲೆ ನಾನು ಅದನ್ನು ಒಮ್ಮೆಯೂ ಹಾಕಿಲ್ಲ. ಆ ಕಪ್ಪು ಲೇಪ ಮೆದು. ಉಕ್ಕಿನ ಮುಳ್ಳು ಹರಿದಷ್ಟು ಸಲ ಸವೆಯುತ್ತದೆ, ಹತ್ತಿಪ್ಪತ್ತು ಸಲಕ್ಕೆ ಬರೀ ಗರಗರ ಉಳಿಯುತ್ತದೆ. ಇವತ್ತು ಬೇಡ, ಇನ್ನೂ ಕಷ್ಟದ ದಿನ ಬಂದಾಗ ಕೇಳಿದರಾಯಿತು ಎಂದು ಇಟ್ಟೆ. ಕಷ್ಟದ ದಿನಗಳು ಬೇಕಾದಷ್ಟು ಬಂದವು. ಪ್ರತಿ ಸಲವೂ ಇದಕ್ಕಿಂತ ಹೆಚ್ಚಿನದು ಮುಂದಿದೆ ಅನ್ನಿಸಿತು. ಅಷ್ಟರಲ್ಲಿ ಪೆಟ್ಟಿಗೆಯೇ ಕೆಟ್ಟಿತು. ಊರಿನ ರೇಡಿಯೋಗಳನ್ನೆಲ್ಲ ಮಾತಾಡಿಸಿದೆ, ಇದಕ್ಕೆ ಕೈ ಹಚ್ಚಲಿಲ್ಲ.

ಈಗ ಊರು ಹೋಗು ಅನ್ನುತ್ತಿದೆ, ಕಾಡು ಬಾ ಅನ್ನುತ್ತಿದೆ. ನೀನು ರಿಪೇರಿ ಮಾಡುತ್ತೀಯಾ? ಬೇರೆ ಯಾರ ಕೈಗೂ ಕೊಡಬೇಡ. ನಾನು ಹೇಳುತ್ತಾ ಹೋಗುತ್ತೇನೆ. ನೀನು ಕೇಳಬೇಕು, ಕೇಳಿ ಅವಳು ಏನಂದಳು ಎಂದು ನನಗೆ ಬರೆಯಬೇಕು.

ಅಪ್ಪ


ಏಪ್ರಿಲ್ 9

ಅಪ್ಪನಿಗೆ,

ನಿಮ್ಮ ಕಾಗದವನ್ನು ಕಾರ್ಖಾನೆಯ ಬಚ್ಚಲಲ್ಲಿ ನಿಂತು ಓದಿದೆ. ನನಗೆ ಸಿಟ್ಟು ಬಂದಿದೆ, ಅದನ್ನು ಮುಚ್ಚಿಟ್ಟು ಬರೆಯಲಾರೆ. ನನ್ನ ಅಮ್ಮನಿಗೆ ದನಿ ಇತ್ತು ಎಂಬುದೇ ನನಗೆ ಹೊಸ ಸುದ್ದಿ. ಅತ್ತೆಯನ್ನು ಕೇಳಿದಾಗಲೆಲ್ಲ "ಚೆನ್ನಾಗಿ ಮಾತಾಡ್ತಿದ್ಲು" ಅನ್ನುತ್ತಿದ್ದರು, ಅಷ್ಟೇ. ಒಂದು ಫೋಟೋ ಇದೆ, ಅದರಲ್ಲಿ ಬಾಯಿ ಮುಚ್ಚಿದೆ. ನಾನು ಇಪ್ಪತ್ತೆಂಟು ವರ್ಷ ಎರಡು ಬೀದಿ ಆಚೆ ಬದುಕಿದ್ದೆ ಅಪ್ಪ. ಒಂದು ದಿನ ಕರೆದು, ಬಾ, ಕೇಳು ಅನ್ನಬಹುದಿತ್ತು.

ರಿಪೇರಿ ಮಾಡುತ್ತೇನೆ. ನಿಮಗಾಗಿ ಅಲ್ಲ.

ಪೆಟ್ಟಿಗೆ ನನ್ನ ಕೋಣೆಗೆ ಬಂದಿದೆ. ಬಡಗಿ ಕಾಲು ಜೋಡಿಸಿಕೊಟ್ಟ. ಮೂರನೇ ಮಹಡಿಗೆ ಹೊರುವಾಗ ಅವನ ಬಾಯಿಂದ ಬಂದ ಮಾತುಗಳನ್ನು ಕಾಗದದಲ್ಲಿ ಬರೆಯುವ ಹಾಗಿಲ್ಲ. ಮಂಚವನ್ನು ಗೋಡೆಗೆ ನಿಲ್ಲಿಸಿ ನೆಲದ ಮೇಲೆ ಮಲಗುತ್ತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ನಿಮ್ಮ ಮಗಳು


ಏಪ್ರಿಲ್ 17

ಗುಬ್ಬಿ,

ನಿನ್ನ ಸಿಟ್ಟು ಸರಿ.

ಮೊದಲನೆಯದು, ಪ್ಲಗ್ಗನ್ನು ಗೋಡೆಗೆ ಚುಚ್ಚಬೇಡ. ಇಷ್ಟು ವರ್ಷ ಮಲಗಿದ ಸೆಟ್ಟಿಗೆ ಒಮ್ಮೆಲೇ ಕರೆಂಟು ಕೊಟ್ಟರೆ ಸುಟ್ಟು ಕೂರುತ್ತದೆ. ನಡುವೆ ಒಂದು ಬಲ್ಬು ಹಾಕು, ಕರೆಂಟು ಬಲ್ಬಿನ ಮೂಲಕ ಹಾದು ಸೆಟ್ಟಿಗೆ ಹೋಗಲಿ. ಬಲ್ಬು ಜೋರಾಗಿ ಉರಿದರೆ ಒಳಗೆ ಶಾರ್ಟ್ ಇದೆ, ಮಂಕಾಗಿ ಉರಿದರೆ ಸೆಟ್ಟಿಗೆ ಜೀವ ಇದೆ. ಮೇಣ ಸುರಿಸಿರುವ ಕಾಗದದ ಕಂಡೆನ್ಸರುಗಳನ್ನೆಲ್ಲ ಕಿತ್ತು ಹೊಸದು ಹಾಕು, ನನ್ನ ಬಿಸ್ಕತ್ತಿನ ಡಬ್ಬಿಯಲ್ಲಿವೆ. ಒಂದು ಬಿಚ್ಚಿ ಒಂದು ಹಾಕು, ಎಲ್ಲ ಒಟ್ಟಿಗೆ ಬಿಚ್ಚಿದರೆ ಆಮೇಲೆ ನೀನೂ ಅಳುತ್ತೀಯ, ನಾನೂ ಅಳುತ್ತೇನೆ. ಕರೆಂಟು ಇದ್ದಾಗ ಒಳಗೆ ಕೈ ಹಾಕುವುದಾದರೆ ಒಂದೇ ಕೈ. ಇನ್ನೊಂದು ಕೈ ಜೇಬಿನಲ್ಲಿರಲಿ. ಎರಡೂ ಕೈ ತಾಗಿದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ.

ಅಪ್ಪ


ಮೇ 14

ಅಪ್ಪನಿಗೆ,

ನನ್ನ ಬಟ್ಟೆಗಳಿಗೆ ಜೇಬಿಲ್ಲ. ಒಂದು ಹೊಲಿದುಕೊಂಡೆ.

ಬೆಸುಗೆ ಹಾಕುವುದು ಕಾಲರ್ ಹೊಲಿಯುವುದಕ್ಕಿಂತ ಸುಲಭ, ಹೊಗೆಯೊಂದು ಕೆಟ್ಟದ್ದು. ಈ ಹೊಗೆಯನ್ನು ನೀವು ಅಷ್ಟು ವರ್ಷ ಕುಡಿದಿರಲ್ಲ. ಮೊದಲ ಸಲ ಬಲ್ಬು ಜೋರಾಗಿ ಉರಿಯಿತು, ಕೂಡಲೇ ಪ್ಲಗ್ಗು ಕಿತ್ತೆ. ಹುಡುಕಿದರೆ ಹಿಂದಿನಿಂದ ಎಡಗಡೆ ಮೂರನೇ ವಾಲ್ವಿನ ಕೆಳಗೆ ಎರಡು ತಂತಿ ಒಂದಕ್ಕೊಂದು ಅಂಟಿದ್ದವು. ಬಿಡಿಸಿದೆ. ಎರಡನೇ ಸಲ ಬಲ್ಬು ಮಂಕಾಯಿತು. ಮಲಗಿದ ವಾಲ್ವಿನ ತುದಿ ಹಸಿರಾಗಿ ಬೆಳಗಿತು. ಅದನ್ನು ನೋಡುತ್ತಾ ಹಿಂದೆಯೇ ಕೂತಿದ್ದೆ, ಮುಂದೆ ಹೋಗಿ ನೋಡಬೇಕೆಂದೂ ತೋಚಲಿಲ್ಲ. ಆಮೇಲೆ ಯಾವುದೋ ಭಾಷೆಯಲ್ಲಿ ಒಬ್ಬ ಹವಾಮಾನ ಓದತೊಡಗಿದ. ಬಡಗಿ ಬಾಗಿಲಲ್ಲಿ ನಿಂತು, "ಅಪ್ಪನ ಮಗಳೇ ಕಣಮ್ಮ ನೀನು" ಅಂದ. ನನಗೆ ಇಷ್ಟವಾಯಿತು. ಇಷ್ಟವಾದದ್ದಕ್ಕೆ ನನ್ನ ಮೇಲೇ ಸಿಟ್ಟೂ ಬಂತು.

ಪ್ಲೇಟು ಮಾತ್ರ ತಿರುಗುತ್ತಾ ತಿರುಗುತ್ತಾ ನಿಲ್ಲುತ್ತದೆ. ಒಳಗಿನ ರಬ್ಬರ್ ಚಕ್ರ ಕಲ್ಲಾಗಿದೆ.

ನಿಮ್ಮ ಮಗಳು


ಮೇ 25

ಗುಬ್ಬಿ,

ಚಕ್ರದ ಅಂಚನ್ನು ಸಣ್ಣ ಉಪ್ಪುಕಾಗದದಿಂದ ಒಂದು ಸುತ್ತು ಉಜ್ಜು, ಬಿಗಿ ಹಿಡಿಯುತ್ತದೆ. ಮೊದಲ ಸಲ ಹಾಕುವಾಗ ಅದರ ಮೇಲೆ ಕಣ್ಣಿರಲಿ, ಜಾರಿದರೆ ದನಿ ಎಳೆಯುತ್ತದೆ.

ಇನ್ನು ಮುಖ್ಯದ್ದು. ನಿನ್ನೆಯಿಂದ ಕಣ್ಣು ಮುಚ್ಚಿದರೆ ಆ ಸಂಜೆಯೇ ಬರುತ್ತಿದೆ. ಪೆಟ್ಟಿಗೆಯ ಮುಂದೆ ಒಂದು ಬೆಂಚು ಹಾಕಿದ್ದೆ, ಇಬ್ಬರೂ ಪಕ್ಕಪಕ್ಕ ಕೂತಿದ್ದೆವು, ನೀನು ಅವಳ ತೊಡೆಯ ಮೇಲೆ. ಅವಳು ಮಾತಾಡಿದರೆ ಆ ಮಲಗಿದ ವಾಲ್ವಿನ ಹಸಿರು ಕಣ್ಣು ಕಿರಿದಾಗುತ್ತಿತ್ತು, ಅದಕ್ಕೆ ಹೆದರಿ ನಿಲ್ಲಿಸಿಬಿಡುತ್ತಿದ್ದಳು. "ಅದು ನನ್ನನ್ನೇ ನೋಡ್ತಿದೆ ಕಣ್ರೀ" ಅಂದಳು. ಅವಳ ಆ ಪಕ್ಕಕ್ಕೆ ಕೇಳಿಸುವ ಕೈ, ನನ್ನ ಪಕ್ಕಕ್ಕೆ ಕೊರೆಯುವ ಕೈ. ಬಲಗಡೆಯದು ಕೇಳಿಸುವುದು, ನೆನಪಿಡು. ಎಡಗಡೆಯದನ್ನು ಮುಟ್ಟಲೇಬೇಡ, ಅಲ್ಲೇ ಮಲಗಿರಲಿ. ಹೊಸ ಮುಳ್ಳು ಹಾಕಿ ಬಲಗಡೆ ಕೈಯನ್ನು ಅಂಚಿನ ಮೇಲೆ ಮೆಲ್ಲಗೆ ಇಳಿಸು. ಹಳೇ ಕಾಲದ್ದು, ಭಾರ ಇರುತ್ತದೆ, ಹೆದರಬೇಡ.

ಇಲ್ಲಿ ನರ್ಸಮ್ಮನಿಗೆ ಹೇಳಿದ್ದೇನೆ, ನನ್ನ ಮಗಳಿಂದ ಒಂದು ಕಾಗದ ಬರುತ್ತದೆ, ನಾನು ನಿದ್ದೆಯಲ್ಲಿದ್ದರೂ ಎಬ್ಬಿಸು ಎಂದು.

ಅಪ್ಪ


ಜೂನ್ 6

ಅಪ್ಪನಿಗೆ,

ಎಲ್ಲೋ ಏನೋ ತಪ್ಪಾಗಿದೆ, ದನಿ ಬರಲಿಲ್ಲ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ, ನೋಡಿ ಹೇಳಿ.

ಭಾನುವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಬಾಗಿಲು ಹಾಕಿಕೊಂಡು ಕೂತೆ. ಚಕ್ರದ ಮೇಲೆ ಕಣ್ಣಿಡಬೇಕಲ್ಲ, ಅದಕ್ಕೆ ಯಾವಾಗಿನಂತೆ ಹಿಂದೆಯೇ ಕೂತಿದ್ದೆ. ಬಲಗಡೆ ಕೈಗೆ ಹೊಸ ಮುಳ್ಳು ಹಾಕಲು ಹೋದರೆ ಅದರಲ್ಲಿ ಮೊದಲೇ ಹರಿತವಾದ ಒಳ್ಳೇ ಮುಳ್ಳಿತ್ತು, ಇದೇ ಇರಲಿ ಎಂದು ಬಿಟ್ಟೆ. ನೀವು ಹೇಳಿದ ಹಾಗೆ ಭಾರವಿತ್ತು. ಅಂಚಿನ ಮೇಲೆ ಇಳಿಸಿದೆ. ಪ್ಲೇಟು ಒಂದೇ ಸಮ ತಿರುಗಿತು, ಚಕ್ರ ಜಾರಲಿಲ್ಲ. ಮುಳ್ಳಿನ ಬುಡದಿಂದ ಕೂದಲಿನಂಥ ಕಪ್ಪು ಎಳೆಯೊಂದು ಏಳತೊಡಗಿತು. ಇಷ್ಟು ವರ್ಷದ ಕೊಳೆ ಬರುತ್ತಿದೆ, ಒಳ್ಳೆಯದೇ ಆಯಿತು ಅಂದುಕೊಂಡೆ. ತುಂಡಾಗದೆ ಉದ್ದಕ್ಕೆ ಬರುತ್ತಿತ್ತು, ನೂಲು ಸುತ್ತಿಕೊಳ್ಳುವವರ ಹಾಗೆ ಬೆರಳಿಗೆ ಸುತ್ತಿಕೊಂಡೆ. ಕೊಳೆ ಮುಗಿದ ಮೇಲೆ ಅಮ್ಮ ಮಾತಾಡುತ್ತಾಳೆ ಎಂದು ಕಾದೆ. ಅಪ್ಪ, ನನಗೆ ಬಹಳ ಸಂತೋಷವಾಗಿತ್ತು. ಕೈ ಒಳಗಿನ ತುದಿಗೆ ಹತ್ತಿರ ಬಂದರೂ ದನಿಯಿಲ್ಲ, ಆಗ ಅನುಮಾನ ಬಂದು ಎತ್ತಿದೆ.

ಯಾವ ವಾಲ್ವು ನೋಡಲಿ? ಆ ಎಳೆಯಲ್ಲಿ ಸ್ವಲ್ಪ ಇದರ ಜೊತೆ ಇಟ್ಟಿದ್ದೇನೆ, ಕೊಳೆಯೋ ಬೇರೆ ಏನಾದರೂ ಇರಬಹುದೋ ನಿಮಗೆ ತಿಳಿಯುತ್ತದೆ.

ನಿಮ್ಮ ಗುಬ್ಬಿ


ಜೂನ್ 13

ಗುಬ್ಬಿ,

ಕವರು ಒಡೆದ ಕೂಡಲೇ ಎಳೆ ಹಾಸಿಗೆಯ ಮೇಲೆ ಬಿತ್ತು. ಓದುವ ಮೊದಲೇ ತಿಳಿಯಿತು.

ಅದು ಕೊಳೆಯಲ್ಲ. ಪ್ಲೇಟಿನ ಲೇಪ. ನೀನು ಇಳಿಸಿದ್ದು ಕೊರೆಯುವ ಕೈ. ಅವಳ ಗೆರೆಗಳ ಮೇಲೆ ಅದು ಹೊಸ ಗೆರೆ ಕೊರೆದುಕೊಂಡು ಹೋಗಿದೆ, ಅದರಲ್ಲಿ ಏನೂ ಇಲ್ಲ. ಕೊರೆದದ್ದು ಮತ್ತೆ ಬರುವುದಿಲ್ಲ.

ತಪ್ಪು ನಿನ್ನದಲ್ಲ. ನೀನು ರಿಪೇರಿಯವಳಾಗಿ ಹಿಂದೆ ಕೂತಿದ್ದೆ, ನಾನೇ ಕಲಿಸಿದ ಹಾಗೆ. ಬದುಕೆಲ್ಲ ಸೆಟ್ಟುಗಳ ಹಿಂದೆ ಕೂತವನು ನಾನು, ಆ ಕಾಗದ ಬರೆಯುವಾಗ ಮಾತ್ರ ಮುಂದೆ ಹೋಗಿ ಅವಳ ಪಕ್ಕದಲ್ಲಿ ಕೂತಿದ್ದೆ. ಅಲ್ಲಿಂದ ಬಲಗಡೆ ಎಂದು ಬರೆದೆ. ಎಂದೂ ಹಾಗೆ ಬರೆದವನಲ್ಲ.

ನೀನು ಎತ್ತಿದ ಜಾಗದಿಂದ ಒಳಗೆ ಒಂದಿಷ್ಟು ಹಳೆಯ ಗೆರೆ ಉಳಿದಿರಬೇಕು. ಇನ್ನೊಂದು ಕೈಯನ್ನು ಅಲ್ಲಿ ಇಳಿಸು. ಹಿಂದೆ ಕೂತರೆ ಅದು ನಿನ್ನ ಎಡಕ್ಕೆ.

ಅಪ್ಪ


ಜೂನ್ 22

ಅಪ್ಪನಿಗೆ,

ನಿಮ್ಮ ಕಾಗದ ಬಂದು ನಾಲ್ಕು ದಿನ ಏನೂ ಮಾಡಲಿಲ್ಲ. ಕಾರ್ಖಾನೆಗೆ ಹೋದೆ, ಹೊಲಿದೆ, ಬಂದೆ. ಬೆರಳಿಗೆ ಸುತ್ತಿಕೊಂಡಿದ್ದ ಎಳೆ ಕಿಟಕಿಯ ಮೇಲಿತ್ತು. ನನ್ನ ಅಮ್ಮನನ್ನು ನಾನೇ ಬೆರಳಿಗೆ ಸುತ್ತಿಕೊಂಡು ಸಂತೋಷಪಟ್ಟೆನಲ್ಲ ಅಪ್ಪ. ಕೈಗೆ ಬಂದ ತುತ್ತು ಅನ್ನುತ್ತಾರೆ, ನಾನು ಬಾಯಿಗೇ ಇಟ್ಟುಕೊಂಡು ಉಗಿದೆ.

ಇವತ್ತು ಉಳಿದದ್ದನ್ನು ಹಾಕಿದೆ. ಹತ್ತು ಎಣಿಸುವಷ್ಟೂ ಇಲ್ಲ. ಮೊದಲು ಗರಗರ. ಆಮೇಲೆ ಒಬ್ಬ ಹೆಂಗಸು ಏನೋ ಹೇಳಲೆಂದು ಉಸಿರು ಎಳೆದುಕೊಳ್ಳುತ್ತಾಳೆ. ಹೇಳುವ ಮೊದಲೇ ಒಬ್ಬ ಗಂಡಸು, "ಸಾಕು ಬಿಡು, ಪ್ಲೇಟು ಮುಗೀತು" ಅನ್ನುತ್ತಾನೆ. ಅಷ್ಟೇ. ನಿಮ್ಮ ದನಿ ಆಗ ಎಷ್ಟು ಚೆನ್ನಾಗಿತ್ತು.

ಅವಳು ಏನು ಹೇಳಲು ಹೊರಟಿದ್ದಳು? ಅವಳ ದನಿ ಹೇಗಿತ್ತು? ತೆಳ್ಳಗಿತ್ತೋ, ದಪ್ಪಗಿತ್ತೋ? ನನ್ನ ಥರ ಇತ್ತೋ? ಇದನ್ನಾದರೂ ಬರೆಯಿರಿ. ನಿಮ್ಮನ್ನು ನೋಡಲು ಬರಲು ರಜೆ ಕೇಳಿದ್ದೇನೆ, ಮುಂದಿನ ತಿಂಗಳು ಕೊಡಬಹುದು ಅನ್ನುತ್ತಾರೆ.

ಗುಬ್ಬಿ


ಜುಲೈ 5

ಗುಬ್ಬಿ,

ಇದನ್ನು ನರ್ಸಮ್ಮನ ಕೈಯಲ್ಲಿ ಬರೆಸುತ್ತಿದ್ದೇನೆ. ಆಮ್ಲಜನಕದ ಕೊಳವೆ ಹಾಕಿದ್ದಾರೆ, ನಾಲ್ಕು ಮಾತಿಗೊಮ್ಮೆ ನಿಲ್ಲುತ್ತೇನೆ, ಅವರು ಪಾಪ ಕಾಯುತ್ತಾರೆ.

ಮಾತುಗಳು ನೆನಪಿವೆ. ಮೊದಲು, "ಏನ್ ಹೇಳ್ಲಿ ನಾನು?" ಅಂದಳು. ಆಮೇಲೆ, "ಗುಬ್ಬಿಗೆ ಹಲ್ಲು ಬಂದಿದೆ, ಕಚ್ಚುತ್ತೆ" ಅಂದಳು. ನೀನು ಏನೋ ಕೂಗಿದೆ, ಅವಳು ನಕ್ಕಳು. ಮತ್ತೆ ಪಕ್ಕದ ಮನೆಯವರ ಜಗಳದ ಸುದ್ದಿ ಹೇಳಿದಳು, ಇದನ್ನ ಯಾಕೆ ಹೇಳ್ತಿದೀನೋ ಅಂದಳು. ಕೊನೆಗೆ ಏನು ಹೇಳಲು ಹೊರಟಿದ್ದಳೋ ಗೊತ್ತಿಲ್ಲ. ನಾನು ಆಗಲೂ ಕೇಳಲಿಲ್ಲ. ಪ್ಲೇಟು ಮುಗಿಯುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ದನಿ ಹೇಗಿತ್ತು ಎಂದು ಕೇಳಿದ್ದೀಯ. ಅದನ್ನೇ ನೆನೆಯುತ್ತಾ ಮಲಗಿದ್ದೇನೆ. ಸುಳ್ಳು ಹೇಳಿ ನಿನ್ನನ್ನು ಸಮಾಧಾನ ಮಾಡಬಹುದು, ನಿನ್ನ ಥರವೇ ಇತ್ತು ಅನ್ನಬಹುದು. ಆದರೆ ಗೊತ್ತಿಲ್ಲ ಮಗಳೇ. ನೆನಪು ಮಾಡಿಕೊಂಡರೆ ರೇಡಿಯೋದಲ್ಲಿ ಸುದ್ದಿ ಓದುತ್ತಿದ್ದ ಒಬ್ಬ ಹೆಂಗಸಿನ ದನಿ ಬರುತ್ತದೆ. ದಿನವಿಡೀ ಊರವರ ಸೆಟ್ಟುಗಳಲ್ಲಿ ಅದೇ ಕೇಳುತ್ತಿದ್ದೆ. ಅವಳ ಮಾತುಗಳನ್ನು ಈಗ ಆ ಹೆಂಗಸೇ ಹೇಳುತ್ತಾಳೆ. ಪ್ಲೇಟಿನಲ್ಲಿ ಭದ್ರವಾಗಿದೆ ಎಂಬ ಧೈರ್ಯದಲ್ಲಿ ತಲೆಯಲ್ಲಿ ಇಟ್ಟುಕೊಳ್ಳಲಿಲ್ಲ.

ಆ ಉಸಿರನ್ನು ಮತ್ತೆ ಹಾಕಬೇಡ. ಅದಾದರೂ ಇರಲಿ. ನೀನು ಬಂದಾಗ, ನಾನು ಇದ್ದರೆ, ಅದು ಹೇಗಿತ್ತು ಎಂದು ಉಸಿರೆಳೆದು ತೋರಿಸು.

ಅಪ್ಪ


ಜುಲೈ 13

ಅಪ್ಪನಿಗೆ,

ಇದನ್ನು ನರ್ಸಮ್ಮ ನಿಮಗೆ ಓದಿ ಹೇಳುವಾಗ ನೀವು ಕೇಳುವ ಸ್ಥಿತಿಯಲ್ಲಿರುತ್ತೀರೋ ಇಲ್ಲವೋ. ರಜೆ ಕೊಟ್ಟಿಲ್ಲ. ಕೊಡದಿದ್ದರೂ ಶುಕ್ರವಾರದ ಗಾಡಿಗೆ ಹೊರಡುತ್ತೇನೆ.

ಹಾಕಬೇಡ ಎಂದು ನೀವು ಬರೆಯುವ ಹೊತ್ತಿಗೆ ಅದು ಮುಗಿದಿತ್ತು. ದಿನಾ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಹಾಕುತ್ತಿದ್ದೆ. ಒಂದು ಸಲ ಎಂದು ಕೂತರೆ ಒಂದಕ್ಕೆ ನಿಲ್ಲುತ್ತಿರಲಿಲ್ಲ. ಸವೆಯುತ್ತದೆ ಎಂದು ನೀವು ಮೊದಲೇ ಬರೆದಿದ್ದಿರಿ, ನಾನು ಮರೆತಿರಲಿಲ್ಲ. ನೀವು ಖರ್ಚಾಗಬಾರದೆಂದು ಇಟ್ಟು ಕಳೆದುಕೊಂಡಿರಿ, ನಾನು ಖರ್ಚು ಮಾಡಿ ಕಳೆದುಕೊಂಡೆ. ಇಬ್ಬರಲ್ಲಿ ಯಾರು ಜಾಣರು ಎಂದು ಹೇಳುವವರು ಯಾರೂ ಇಲ್ಲ.

ಉಸಿರು ಮೆಲ್ಲಗಿನದು, ಅದು ಮೊದಲು ಹೋಯಿತು. ಒಂದು ದಿನ ಇದೆಯೋ ಇಲ್ಲವೋ ಅನ್ನುವ ಹಾಗಿತ್ತು, ಮರುದಿನ ಇರಲಿಲ್ಲ. ಅದನ್ನು ನಿಮಗೆ ಮಾಡಿ ತೋರಿಸಲು ಕನ್ನಡಿಯ ಮುಂದೆ ನಿಂತು ನೋಡಿದೆ. ನನಗೆ ಬಂದದ್ದು ನನ್ನ ಉಸಿರು, ಅವಳದಲ್ಲ.

ನಿಮ್ಮ ದನಿ ಗಟ್ಟಿ, ಅದಕ್ಕೆ ಇನ್ನೂ ಏನೂ ಆಗಿಲ್ಲ. ಪೆಟ್ಟಿಗೆಯೂ ಚೆನ್ನಾಗಿ ನಡೆಯುತ್ತಿದೆ. ಹಾಕಿದರೆ ಒಂದಿಷ್ಟು ಗರಗರ ಬರುತ್ತದೆ, ಆಮೇಲೆ ನೀವು ಸಾಕು ಬಿಡು ಅನ್ನುತ್ತೀರಿ. ಯಾರಿಗೆ ಅನ್ನುತ್ತಿದ್ದೀರಿ ಎಂದು ಕೇಳುವವರಿಗೆ ತಿಳಿಯುವುದಿಲ್ಲ.

ಗುಬ್ಬಿ